ಚೆಲ್ಟನ್‌ಹ್ಯಾಮ್‌ಗೆ ಈಗಲೇ ಬೆಟ್ ಕಟ್ಟಬೇಕಾ?

ಇಂಗ್ಲೆಂಡಿನಲ್ಲಿ ಮಾರ್ಚ್‌ನಲ್ಲಿ ನಡೆಯುವ ಚೆಲ್ಟನ್‌ಹ್ಯಾಮ್ ಕುದುರೆ ರೇಸ್ ಹಬ್ಬಕ್ಕೆ ತಿಂಗಳುಗಳ ಮೊದಲೇ ಬೆಟ್ ಕಟ್ಟಿದರೆ ಲಾಭವಾ, ಈಚ್-ವೇ ಅಂದ್ರೆ ಏನು ಅಂತ ಕೇಳಿದ್ದೀರಿ.

ಬೇಗ ಕಟ್ಟಿದರೆ ದರ (ಗೆದ್ದರೆ ಕಟ್ಟಿದ್ದರ ಎಷ್ಟು ಪಟ್ಟು ಲಾಭ ಅನ್ನುವುದು) ಚೆನ್ನಾಗಿ ಸಿಗುತ್ತದೆ, ನಿಜ. ಆದರೆ ಕುದುರೆ ಅವತ್ತು ಓಡದಿದ್ದರೆ ದುಡ್ಡು ವಾಪಸ್ ಬರುವುದಿಲ್ಲ. 2024ರಲ್ಲಿ ಅಲ್ಲಿನ ದೊಡ್ಡ ರೇಸ್ ಚಾಂಪಿಯನ್ ಹರ್ಡಲ್‌ಗೆ ಎಲ್ಲರೂ ನಂಬಿದ್ದ ಕುದುರೆ ಕಾನ್‌ಸ್ಟಿಟ್ಯೂಷನ್ ಹಿಲ್ ಹುಷಾರಿಲ್ಲದೆ ಓಡಲೇ ಇಲ್ಲ, ಮೊದಲೇ ಕಟ್ಟಿದವರ ಹಣ ಹೋಯಿತು. ಹಬ್ಬ ಹತ್ತಿರ ಬಂದಾಗ ಬುಕ್‌ಮೇಕರ್‌ಗಳು (ಬೆಟ್ ತೆಗೆದುಕೊಳ್ಳುವವರು) 'ನಾನ್ ರನ್ನರ್ ನೋ ಬೆಟ್' ಅಂತ ಕೊಡುತ್ತಾರೆ, ಕುದುರೆ ಓಡದಿದ್ದರೆ ಹಣ ವಾಪಸ್. ಅಲ್ಲಿಯವರೆಗೆ ಕಾಯಿರಿ ಅಂತಲೇ ನಾನು ಹೇಳುವುದು.

ಈಚ್-ವೇ ಅಂದ್ರೆ ಎರಡು ಬೆಟ್, ಒಂದು ಗೆಲುವಿಗೆ, ಒಂದು ಪ್ಲೇಸ್‌ಗೆ, ಅಂದರೆ ಮೊದಲ ಕೆಲವು ಸ್ಥಾನಗಳೊಳಗೆ ಬರುವುದಕ್ಕೆ. 5 ಪೌಂಡ್ ಈಚ್-ವೇ ಅಂದರೆ ಕೈಯಿಂದ ಹೋಗುವುದು 10 ಪೌಂಡ್, ಇದನ್ನು ಮರೆಯಬೇಡಿ. ದರ 20ಕ್ಕೆ 1 ಇದೆ (1 ಪೌಂಡ್‌ಗೆ 20 ಪೌಂಡ್ ಲಾಭ), 16ಕ್ಕಿಂತ ಜಾಸ್ತಿ ಕುದುರೆಗಳ ಹ್ಯಾಂಡಿಕ್ಯಾಪ್ (ಚೆನ್ನಾಗಿ ಓಡುವ ಕುದುರೆಗೆ ಹೆಚ್ಚು ಭಾರ ಹೊರಿಸುವ ರೇಸ್), ನಿಮ್ಮದು ಮೂರನೆಯದಾಗಿ ಬಂತು ಅಂತಿಟ್ಟುಕೊಳ್ಳಿ. ಅಲ್ಲಿ ಸಾಮಾನ್ಯವಾಗಿ ನಾಲ್ಕು ಸ್ಥಾನದವರೆಗೆ ಕಾಲು ಭಾಗದ ದರ ಸಿಗುತ್ತದೆ, ಅಂದರೆ 5ಕ್ಕೆ 1, ಲಾಭ 25 ಮತ್ತು ಪ್ಲೇಸ್‌ಗೆ ಕಟ್ಟಿದ 5 ಸೇರಿ ಕೈಗೆ ಬರುವುದು 30 ಪೌಂಡ್. ಗೆಲುವಿನ ಬೆಟ್ ಹೋಯಿತು.

ಇನ್ನೊಂದು ಮಾತು. ಬೆಂಗಳೂರಿನ ರೇಸ್ ನೋಡಿದ ಲೆಕ್ಕ ಇಲ್ಲಿ ನಡೆಯುವುದಿಲ್ಲ, ಅದು ಫ್ಲಾಟ್ ಓಟ. ಇಲ್ಲಿ ಬೇಲಿ ಹಾರಬೇಕು, ಕೊನೆಯಲ್ಲಿ ಏರು ಹತ್ತಬೇಕು, ಕೊನೆಯ ಬೇಲಿಯಲ್ಲಿ ಮುಂದಿದ್ದ ಕುದುರೆ ಆ ಏರಿನಲ್ಲಿ ಸುಸ್ತಾಗಿ ಹಿಂದೆ ಬೀಳುವುದು ಮಾಮೂಲು. ನಾಲ್ಕು ದಿನದಲ್ಲಿ 28 ರೇಸ್ ಇವೆ, ಎಲ್ಲದಕ್ಕೂ ಕಟ್ಟಬೇಡಿ. ಕಳೆದುಕೊಂಡರೂ ಪರವಾಗಿಲ್ಲ ಅನ್ನುವಷ್ಟನ್ನು ಮೊದಲೇ ಎತ್ತಿಡಿ, ಅದು ಮುಗಿದರೆ ಸುಮ್ನೆ ಕೂತು ರೇಸ್ ನೋಡಿ.