ಶಾಲೆಯ ಕೆಲಸಕ್ಕೆ ಹೋದ ಪೋಷಕರಿಗೆ ಪೆಟ್ಟಾದರೆ ಖರ್ಚು ಯಾರದು?

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿದ್ದು ಇಷ್ಟು. ಬೆಂಗಳೂರಿನ ಖಾಸಗಿ ಶಾಲೆ. ವಾರ್ಷಿಕೋತ್ಸವದ ವೇದಿಕೆ ಅಲಂಕಾರಕ್ಕೆ, ಆಮೇಲೆ ಮಕ್ಕಳ ಮೈಸೂರು ಪ್ರವಾಸಕ್ಕೆ ಪೋಷಕರನ್ನು ವಾಲಂಟಿಯರ್ ಆಗಿ ಕರೆದಿದ್ದಾರೆ. ಫೀಸಿನ ಜೊತೆ ವಿಮೆ ಎಂದು ಹಣ ತೆಗೆದುಕೊಂಡಿದ್ದಾರೆ. ಈಗ "ಏನಾದರೂ ಆದರೆ ಶಾಲೆ ಹೊಣೆಯಲ್ಲ" ಎಂಬ ಫಾರ್ಮ್‌ಗೆ ಸಹಿ ಕೇಳುತ್ತಿದ್ದಾರೆ. ನಿಮಗೆ ಪೆಟ್ಟಾದರೆ ಆ ವಿಮೆ ಬರುತ್ತದಾ, ಫಾರ್ಮ್‌ಗೆ ಸಹಿ ಹಾಕಬಹುದಾ ಅಂತ ಅಲ್ವಾ?

ವಿಮೆ ಬರುವುದಿಲ್ಲ ಎಂದುಕೊಂಡೇ ಹೊರಡಿ. ನಾನು ಜನರಲ್ ಇನ್ಶೂರೆನ್ಸ್ ಏಜೆಂಟ್. ಶಾಲೆಗಳಿಗೆ ಇಂಥ ಗುಂಪು ಪಾಲಿಸಿ ಮಾಡಿಸಿಕೊಡುತ್ತೇನೆ. ಮಗನ ಶಾಲೆಯ ಕ್ರೀಡಾಕೂಟದಲ್ಲಿ ಬಿಸಿಲಲ್ಲಿ ಹಗ್ಗ ಹಿಡಿದು ನಿಂತಿದ್ದೂ ಉಂಟು. ಎರಡೂ ಕಡೆಯಿಂದ ನೋಡಿ ಹೇಳುತ್ತಿದ್ದೇನೆ.

ಫೀಸಿನ ಜೊತೆ ಹೋಗುವುದು ಸಾಮಾನ್ಯವಾಗಿ ವಿದ್ಯಾರ್ಥಿಗಳ ಅಪಘಾತ ವಿಮೆ. ಅದರಲ್ಲಿ ವಿಮೆ ಇರುವುದು ಮಗುವಿಗೆ. ಕೆಲವು ಪಾಲಿಸಿಗಳಲ್ಲಿ ಪೋಷಕರ ಹೆಸರೂ ಕಾಣುತ್ತದೆ, ಎಡವಟ್ಟಾಗುವುದು ಅಲ್ಲೇ. ದುಡಿಯುವ ಅಪ್ಪ ಅಥವಾ ಅಮ್ಮ ಅಪಘಾತದಲ್ಲಿ ತೀರಿಕೊಂಡರೆ ಮಗುವಿನ ಮುಂದಿನ ಫೀಸಿಗೆ ಇಷ್ಟು ಎಂದು ಅದರಲ್ಲಿ ಬರೆದಿರುತ್ತದೆ. ಅದನ್ನು ನೋಡಿ ಆಫೀಸಿನವರು "ಪೇರೆಂಟ್ಸ್‌ಗೂ ಕವರ್ ಇದೆ" ಎಂದುಬಿಡುತ್ತಾರೆ. ಸುಳ್ಳಲ್ಲ, ಆದರೆ ನಿಮ್ಮ ಮುರಿದ ಕೈಗೆ ಅದರಿಂದ ಒಂದು ರೂಪಾಯಿಯೂ ಬರುವುದಿಲ್ಲ. ಬಾಯಿಮಾತು ಬೇಡ, ಪಾಲಿಸಿಯ ಷೆಡ್ಯೂಲ್ (ಯಾರಿಗೆ, ಎಷ್ಟು ವಿಮೆ ಎಂಬ ವಿವರದ ಹಾಳೆ) ತೋರಿಸಿ ಎನ್ನಿ. ಒಂದೆರಡು ಪುಟ ಇರುತ್ತದೆ, ಅಷ್ಟೆ. ವಿಮೆ ಯಾರಿಗೆ ಎಂಬ ಸಾಲಿನಲ್ಲಿ ವಿದ್ಯಾರ್ಥಿಗಳು, ಸಿಬ್ಬಂದಿ ಎಂದಷ್ಟೇ ಇದ್ದರೆ ನೀವು ಅದರಲ್ಲಿ ಇಲ್ಲ.

ಸಿಬ್ಬಂದಿಯ ಲೆಕ್ಕದಲ್ಲೂ ನೀವು ಬರುವುದಿಲ್ಲ. ಇಎಸ್‌ಐ (ನೌಕರರ ರಾಜ್ಯ ವಿಮೆ) ಇರಲಿ, 1923ರ ಕಾಯ್ದೆಯಿಂದ ನಡೆದುಬಂದ ನೌಕರರ ಪರಿಹಾರ ಇರಲಿ, ಎರಡೂ ನಿಂತಿರುವುದು ಕೆಲಸಕ್ಕೆ ಸೇರಿಸಿಕೊಂಡು ಸಂಬಳ ಕೊಡುವ ಸಂಬಂಧದ ಮೇಲೆ. ಮಧ್ಯಾಹ್ನ ಕೊಡುವ ಬಿಸಿಬೇಳೆಬಾತ್ ಸಂಬಳ ಆಗುವುದಿಲ್ಲ!

ಇನ್ನು ಶಾಲೆಯ ಹತ್ತಿರ ಪಬ್ಲಿಕ್ ಲಯಬಿಲಿಟಿ ಪಾಲಿಸಿ ಇರಬಹುದು. ಹೊರಗಿನವರಿಗೆ ಶಾಲೆಯ ತಪ್ಪಿನಿಂದ ಹಾನಿಯಾಗಿ, ಶಾಲೆ ಕಾನೂನಿನ ಪ್ರಕಾರ ಹಣ ಕಟ್ಟಿಕೊಡಬೇಕಾಗಿ ಬಂದರೆ ಅದು ಕೆಲಸಕ್ಕೆ ಬರುತ್ತದೆ. ವೇದಿಕೆಯ ಹಲಗೆ ಸಡಿಲವಾಗಿದೆ ಎಂದು ಗೊತ್ತಿದ್ದೂ ಬಿಟ್ಟಿದ್ದರು, ನೀವು ಕಾಲಿಟ್ಟಾಗ ಮುರಿಯಿತು ಎಂದರೆ ಸರಿ, ಕೇಳಲು ದಾರಿ ಇದೆ. ಸೀರೆ ಕಾಲಿಗೆ ಸಿಕ್ಕಿ ನೀವೇ ಬಿದ್ದರೆ ಇಲ್ಲ. ದಾರಿ ಇದ್ದಾಗಲೂ ವಕೀಲರ ನೋಟಿಸ್, ಶಾಲೆಯ ಉತ್ತರ, ಯಾರ ತಪ್ಪು ಎಂಬ ಜಗ್ಗಾಟ, ಇದೆಲ್ಲ ದಾಟಿ ಹೋಗಬೇಕು. ನಿಮ್ಮ ಮಗು ಅದೇ ಶಾಲೆಯಲ್ಲಿ ಓದುತ್ತಿರುವಾಗ ಎಷ್ಟು ಜನ ನೋಟಿಸ್ ಕಳಿಸುತ್ತಾರೆ ಹೇಳಿ.

"ನನ್ನದೇ ಹೆಲ್ತ್ ಪಾಲಿಸಿ ಇದೆಯಲ್ಲ" ಎಂದು ಎಲ್ಲರೂ ಹೇಳುತ್ತಾರೆ. ಒಳ್ಳೆಯದೇ. ಹೊಸ ಪಾಲಿಸಿಯಲ್ಲಿ ಕಾಯಿಲೆಗೆ ಇರುವ ಮೊದಲ 30 ದಿನದ ಕಾಯುವಿಕೆ ಅಪಘಾತಕ್ಕೆ ಇಲ್ಲ. ದೊಡ್ಡ ಪೆಟ್ಟು, ಆಪರೇಷನ್, ಅಡ್ಮಿಟ್ ಆಗಿದ್ದರೆ ಅದೇ ನಿಮ್ಮನ್ನು ಕಾಯುವುದು. ಆದರೆ ಶಾಲೆಯಲ್ಲಿ ಸಾಮಾನ್ಯವಾಗಿ ಆಗುವ ಪೆಟ್ಟು ಯಾವುದು? ಏಣಿಯಿಂದ ಜಾರುವುದು, ಮೆಟ್ಟಿಲಲ್ಲಿ ಕಾಲು ಉಳುಕುವುದು, ಕಬ್ಬಿಣದ ಕಂಬಿ ತಾಗುವುದು. ನನ್ನ ಗ್ರಾಹಕರೊಬ್ಬರು ಮಗಳ ಶಾಲೆಯಲ್ಲಿ ಸೀರಿಯಲ್ ಸೆಟ್ ಕಟ್ಟಲು ಏಣಿ ಹತ್ತಿದ್ದರು. ಬಿದ್ದು ಮಣಿಕಟ್ಟಿನ ಮೂಳೆ ಬಿರುಕು ಬಿಟ್ಟಿತು. ಎಕ್ಸ್‌ರೇ ತೆಗೆಸಿ, ಪ್ಲಾಸ್ಟರ್ ಹಾಕಿಸಿಕೊಂಡು ಸಂಜೆಯೇ ಮನೆಗೆ ಬಂದರು. ಅಡ್ಮಿಟ್ ಆಗಿರಲಿಲ್ಲ, ಪಾಲಿಸಿಯಲ್ಲಿ ಒಪಿಡಿ (ಅಡ್ಮಿಟ್ ಆಗದೆ ಪಡೆಯುವ ಚಿಕಿತ್ಸೆ) ಖರ್ಚಿನ ಭಾಗವೂ ಇರಲಿಲ್ಲ. ಹಾಗಾಗಿ ಕ್ಲೇಮ್ ಬರಲಿಲ್ಲ. ಆಮೇಲಿನ ಫಿಸಿಯೋಥೆರಪಿಯೂ ಕೈಯಿಂದಲೇ. ಸ್ವಂತ ಟೈಲರಿಂಗ್ ಅಂಗಡಿ ಇಟ್ಟವರು, ಬಲಗೈ ಪೆಟ್ಟು. ಆಸ್ಪತ್ರೆಯ ಬಿಲ್ಲಿಗಿಂತ ಅಂಗಡಿ ಮುಚ್ಚಿದ್ದೇ ಜಾಸ್ತಿ ನಷ್ಟ. ನೀವು ಚಿಂತೆ ಮಾಡಬೇಕಾದ್ದು ಯಾವ ವಿಮೆಯೂ ಮುಟ್ಟದ ಈ ಖಾಲಿ ಜಾಗದ ಬಗ್ಗೆ.

ಬ್ಯಾಂಕ್ ಖಾತೆಯಿಂದ ವರ್ಷಕ್ಕೆ 20 ರೂಪಾಯಿ ಕಡಿತವಾಗುವ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆ ಈ ಜಾಗ ತುಂಬುವುದಿಲ್ಲ. ಸಾವು ಅಥವಾ ಪೂರ್ತಿ ಶಾಶ್ವತ ಅಂಗವಿಕಲತೆಗೆ 2 ಲಕ್ಷ, ಒಂದು ಕೈ, ಕಾಲು ಅಥವಾ ಕಣ್ಣು ಶಾಶ್ವತವಾಗಿ ಹೋದರೆ 1 ಲಕ್ಷ. ಮೂಳೆ ಮುರಿದು ಕೂಡಿಕೊಂಡರೆ ಏನೂ ಇಲ್ಲ. ಆದರೂ ಮಾಡಿಸಿ, 20 ರೂಪಾಯಿಗೆ ಎರಡು ಕಾಫಿ ಬರುವುದೂ ಕಷ್ಟ ಈಗ.

ತುಂಬುವುದು ವೈಯಕ್ತಿಕ ಅಪಘಾತ ಪಾಲಿಸಿ. ಅದರಲ್ಲೂ ಎರಡು ಸೇರ್ಪಡೆ ಕೇಳಿ ತೆಗೆದುಕೊಳ್ಳಬೇಕು. ಒಂದು ಅಪಘಾತದ ವೈದ್ಯಕೀಯ ವೆಚ್ಚ, ಅಡ್ಮಿಟ್ ಆಗದಿದ್ದರೂ ಕೊಡುವಂಥದ್ದು. ಇನ್ನೊಂದು ತಾತ್ಕಾಲಿಕ ಪೂರ್ಣ ಅಸಮರ್ಥತೆ, ಅಂದರೆ ಕೆಲಸಕ್ಕೆ ಹೋಗಲಾಗದ ವಾರಗಳಿಗೆ ವಾರಕ್ಕೆ ಇಷ್ಟು ಎಂದು ಬರುವ ಹಣ. 2021ರ ಏಪ್ರಿಲ್‌ನಿಂದ ಎಲ್ಲ ಕಂಪನಿಗಳೂ ಒಂದೇ ನಿಯಮದಲ್ಲಿ ಮಾರುವ 'ಸರಳ ಸುರಕ್ಷಾ ಬಿಮಾ' ಇದೆ. ಅದರಲ್ಲಿ ವಾರದ ಹಣದ ಸೇರ್ಪಡೆ ಸಿಗುತ್ತದೆ, ವಿಮೆ ಮೊತ್ತದ ಶೇ. 0.2. ಆದರೆ ಅದರ ವೈದ್ಯಕೀಯ ಸೇರ್ಪಡೆ ಆಸ್ಪತ್ರೆಗೆ ಸೇರಿದರೆ ಮಾತ್ರ. ಪ್ಲಾಸ್ಟರ್ ಹಾಕಿಸಿಕೊಂಡು ಮನೆಗೆ ಬರುವವರಿಗೆ ಕಂಪನಿಗಳ ಬೇರೆ ಪಾಲಿಸಿಗಳನ್ನು ಹೋಲಿಸಿ ನೋಡುವುದೇ ಒಳ್ಳೆಯದು. ಗೃಹಿಣಿಯರಿಗೆ ಒಂದು ಮಾತು: ಆದಾಯದ ದಾಖಲೆ ಇಲ್ಲದಿದ್ದರೆ ವಾರದ ಹಣದ ಸೇರ್ಪಡೆ ಕೊಡಲು ಕಂಪನಿಗಳು ಹಿಂದೆಮುಂದೆ ನೋಡುತ್ತವೆ. ಮನೆಕೆಲಸ ನಿಂತರೆ ನಷ್ಟವಿಲ್ಲ ಎಂದು ಯಾರು ಲೆಕ್ಕ ಹಾಕಿದರೋ.

ಇದಕ್ಕಿಂತ ಸುಲಭದ ದಾರಿ ಶಾಲೆಯ ಕೈಯಲ್ಲಿದೆ. ಗುಂಪು ಅಪಘಾತ ವಿಮೆಯನ್ನು ಹೆಸರಿಲ್ಲದೆ, ಇಷ್ಟು ಜನ ವಾಲಂಟಿಯರ್‌ಗಳು, ಈ ದಿನ, ಈ ಕಾರ್ಯಕ್ರಮ ಎಂದು ಮಾಡಿಸಬಹುದು. ಇರುವ ಪಾಲಿಸಿಗೇ ಎಂಡಾರ್ಸ್‌ಮೆಂಟ್ (ಪಾಲಿಸಿಗೆ ಮಾಡುವ ತಿದ್ದುಪಡಿ) ಹಾಕಿಸಲೂ ಕೇಳಬಹುದು. ಇಡೀ ವಾರ್ಷಿಕೋತ್ಸವದ ಖರ್ಚಿನ ಮುಂದೆ ಇದರ ಪ್ರೀಮಿಯಂ ಶಾಮಿಯಾನದವನ ಬಿಲ್ಲಿನಲ್ಲಿ ಚಿಲ್ಲರೆ. ಹೆಚ್ಚಿನ ಶಾಲೆಗಳು ಮಾಡದಿರುವುದು ಹಣಕ್ಕಾಗಿ ಅಲ್ಲ, ಯಾರೂ ಕೇಳಿಲ್ಲ ಅಂತ. ವೈದ್ಯಕೀಯ ವೆಚ್ಚ ಸೇರಿಸಲು ಮರೆಯಬೇಡಿ ಎಂದು ಹೇಳಿ. ಅದಿಲ್ಲದಿದ್ದರೆ ಮತ್ತೆ ಸಾವು-ಅಂಗವಿಕಲತೆಯ ಪಾಲಿಸಿಯೇ ಆಗುತ್ತದೆ. ಹಾಜರಿ ಪುಸ್ತಕದಲ್ಲಿ ಆ ದಿನ ವಾಲಂಟಿಯರ್ ಎಂದು ನಿಮ್ಮ ಸಹಿ ಇರಬೇಕು, ಕ್ಲೇಮ್‌ಗೆ ಮೊದಲು ಕೇಳುವುದೇ ಅದನ್ನು.

ಪ್ರವಾಸದ ಕಥೆ ಬೇರೆ. ರಸ್ತೆ ಅಪಘಾತ ಆದರೆ ಮೋಟಾರು ವಾಹನ ಕಾಯ್ದೆ ಇದೆ, ಶಾಲೆಯ ಮರ್ಜಿ ಬೇಕಿಲ್ಲ. ಚಾಲಕನ ತಪ್ಪಿದ್ದರೆ ಬಸ್ಸಿನ ವಿಮೆ ಕಂಪನಿಯ ಮೇಲೆ ಕ್ಲೇಮ್ಸ್ ಟ್ರಿಬ್ಯೂನಲ್‌ನಲ್ಲಿ (ಅಪಘಾತ ಪರಿಹಾರದ ನ್ಯಾಯಮಂಡಳಿ) ಪರಿಹಾರ ಕೇಳಬಹುದು. ಅರ್ಜಿಗೆ ಈಗ 6 ತಿಂಗಳ ಗಡುವಿದೆ. 2025ರ ಮೇ ತಿಂಗಳಿಂದ ರಸ್ತೆ ಅಪಘಾತದ ಗಾಯಾಳುಗಳಿಗೆ 7 ದಿನದವರೆಗೆ, 1.5 ಲಕ್ಷ ರೂಪಾಯಿವರೆಗೆ ನಗದುರಹಿತ ಚಿಕಿತ್ಸೆಯ ಯೋಜನೆಯೂ ಇದೆ. ನೀವು ನೋಡಬೇಕಾದ್ದು ಸೀಟು. ಬಸ್ ತುಂಬಿದಾಗ ಕೊನೆಗೆ ಎಂಜಿನ್ ಮೇಲೆ ಕೂರುವವರು ಯಾರು? ವಾಲಂಟಿಯರ್ ಅಮ್ಮಂದಿರು. ಅನುಮತಿ ಇರುವಷ್ಟು ಪ್ರಯಾಣಿಕರ ಲೆಕ್ಕಕ್ಕೆ ಮಾತ್ರ ವಿಮೆ ಕಂಪನಿಯ ಹೊಣೆ ಎಂದು ಸುಪ್ರೀಂ ಕೋರ್ಟ್ 2007ರಲ್ಲೇ ಹೇಳಿದೆ. ಉಳಿದದ್ದನ್ನು ಬಸ್ಸಿನ ಮಾಲೀಕನಿಂದ ವಸೂಲಿ ಮಾಡಿಕೊಳ್ಳಬೇಕು. ನಿಮಗೆ ಸೀಟಿಲ್ಲದಿದ್ದರೆ ಹತ್ತಲೇಬೇಡಿ.

ನಿಮ್ಮ ಕಾರಿನಲ್ಲೇ ನಾಲ್ಕು ಮಕ್ಕಳನ್ನು ಕರೆದುಕೊಂಡು ಬನ್ನಿ ಎಂದರೆ ಕಾರಿನ ಪಾಲಿಸಿ ತೆಗೆದು ನೋಡಿ. ಬರೀ ಥರ್ಡ್ ಪಾರ್ಟಿ (ಕಾರಿನ ಹೊರಗಿನವರಿಗೆ ಆದ ಹಾನಿಗೆ ಇರುವ ವಿಮೆ) ಆಗಿದ್ದರೆ ಒಳಗೆ ಕೂತ ಮಕ್ಕಳಿಗೆ ಅದರಿಂದ ರಕ್ಷಣೆ ಇಲ್ಲ. ಅವರನ್ನೂ ಸೇರಿಸಿಕೊಳ್ಳುವ ಕಾಂಪ್ರಹೆನ್ಸಿವ್ ಪಾಲಿಸಿ ಬೇಕು. ಪೆಟ್ರೋಲ್‌ಗೆ ಅಂತ ತಲೆಗೆ ಇಷ್ಟು ವಸೂಲಿ ಮಾಡಬೇಡಿ, ಬಾಡಿಗೆಗೆ ಓಡಿಸಿದಿರಿ ಎನ್ನಲು ಕಂಪನಿಗೆ ಒಂದು ನೆಪ ಸಿಗುತ್ತದೆ. ಜೊತೆಗೆ, ಕಾರಿನ ವಿಮೆಯೊಂದಿಗೆ ಬರುವ 15 ಲಕ್ಷದ ಅಪಘಾತ ವಿಮೆ ಮಾಲೀಕ-ಚಾಲಕನಿಗೆ ಮಾತ್ರ. ಆರ್‌ಸಿ ಯಜಮಾನರ ಹೆಸರಲ್ಲಿದ್ದು ಓಡಿಸುವುದು ನೀವಾದರೆ ಅದು ನಿಮಗಿಲ್ಲ.

ಪೆಟ್ಟಾಗಿಯೇ ಹೋದರೆ, ಆಸ್ಪತ್ರೆಯಲ್ಲಿ ಎಲ್ಲಿ, ಹೇಗೆ ಬಿದ್ದಿರಿ ಎಂಬುದನ್ನು ಇದ್ದದ್ದು ಇದ್ದಂತೆ ಬರೆಸಿ. ಎಂಎಲ್‌ಸಿ (ಆಸ್ಪತ್ರೆ ಪೊಲೀಸರಿಗೆ ತಿಳಿಸುವ ಪ್ರಕರಣದ ದಾಖಲೆ) ಮಾಡಿದ್ದರೆ ಪ್ರತಿ ಕೇಳಿ. ಪೊಲೀಸ್ ರಗಳೆ ಯಾಕೆ ಎಂದು "ಮನೆಯಲ್ಲಿ ಬಿದ್ದೆ" ಎನ್ನುವವರಿದ್ದಾರೆ. ಆಮೇಲೆ ಶಾಲೆಯಲ್ಲಿ ಆಯಿತು ಎಂದು ಕ್ಲೇಮ್ ಹಾಕಿದರೆ ಯಾರು ನಂಬುತ್ತಾರೆ? ಅದೇ ದಿನ ಶಾಲೆಗೆ ಒಂದು ಇಮೇಲ್ ಹಾಕಿ. ನಿಮ್ಮ ಸ್ವಂತ ಪಾಲಿಸಿಯ ಕ್ಲೇಮ್ ನಿರಾಕರಿಸಿದರೆ ಮೊದಲು ಕಂಪನಿಗೆ ಲಿಖಿತ ದೂರು ಕೊಡಿ. 30 ದಿನದಲ್ಲಿ ಸರಿಹೋಗದಿದ್ದರೆ ಜೆ.ಪಿ. ನಗರದ ವಿಮಾ ಓಂಬುಡ್ಸ್‌ಮನ್ (ವಿಮೆಯ ದೂರು ಕೇಳಿ ತೀರ್ಮಾನಿಸುವ ಅಧಿಕಾರಿ) ಕಚೇರಿ ಇದೆ. 50 ಲಕ್ಷದವರೆಗಿನ ದೂರು ಕೇಳುತ್ತಾರೆ, ಶುಲ್ಕವಿಲ್ಲ, ವಕೀಲರೂ ಬೇಡ.

ಕೊನೆಗೆ ಆ ಫಾರ್ಮ್. ಅದಕ್ಕೆ ಸಹಿ ಹಾಕಿದ್ದರಿಂದ ನಿಮ್ಮ ಸ್ವಂತ ವಿಮೆಗಾಗಲೀ, ಬಸ್ಸಿನ ವಿಮೆ ಕಂಪನಿಯ ಮೇಲಿನ ಕ್ಲೇಮ್‌ಗಾಗಲೀ ಏನೂ ಆಗುವುದಿಲ್ಲ. ಶಾಲೆಯ ನಿರ್ಲಕ್ಷ್ಯದ ಬಗ್ಗೆ ವಾದಿಸುವಾಗ ಮಾತ್ರ ಅವರು ಅದನ್ನು ಎತ್ತಿ ತೋರಿಸುತ್ತಾರೆ. ನಾನಾಗಿದ್ದರೆ ಆ ಸಾಲಿನ ಪಕ್ಕ "ಶಾಲೆಯ ನಿರ್ಲಕ್ಷ್ಯದಿಂದ ಆದದ್ದನ್ನು ಬಿಟ್ಟು" ಎಂದು ಪೆನ್ನಿನಲ್ಲಿ ಬರೆದು, ಸಹಿ ಹಾಕಿ, ಫೋಟೋ ತೆಗೆದಿಟ್ಟುಕೊಂಡು ಕೊಡುತ್ತೇನೆ. ಅದರ ಜೊತೆಗೇ ವಾಲಂಟಿಯರ್‌ಗಳಿಗೆ ಗುಂಪು ವಿಮೆ ಮಾಡಿಸಿ ಎಂದು ನಾಲ್ಕೈದು ಪೋಷಕರು ಸೇರಿ ಒಂದು ಪತ್ರ ಕೊಡಿ. ಒಬ್ಬರೇ ಕೇಳಿದರೆ ತಕರಾರಿನವರು ಎನ್ನುತ್ತಾರೆ, ಐದು ಜನ ಕೇಳಿದರೆ ಮೀಟಿಂಗ್‌ಗೆ ಕರೆಯುತ್ತಾರೆ.