ಹಂಪ್ ಹಾರಿದರೆ ಲೈಟ್ ಬರುತ್ತೆ: ಹಳೆ 407ರ ವೈರಿಂಗ್ ಕಾಟ

ಪ್ರಶ್ನೆ: ಸರ್, ನನ್ನದು 1998ರ ಟಾಟಾ 407. ತಿಪಟೂರು ಸುತ್ತಮುತ್ತ ತೆಂಗಿನಕಾಯಿ ಲೋಡ್ ಹೊಡೀತೀನಿ. ರಾತ್ರಿ ಹೋಗ್ತಾ ಇದ್ದಾಗ ಹೆಡ್‌ಲೈಟು, ಮೀಟರ್ ಬೋರ್ಡು ಎಲ್ಲಾ ಒಟ್ಟಿಗೆ ಆರಿಹೋಗುತ್ತೆ. ಹಂಪ್ ಹಾರಿದರೆ ಮತ್ತೆ ಬರುತ್ತೆ. ಎಂಜಿನ್ ಮಾತ್ರ ನಿಲ್ಲಲ್ಲ, ಅದನ್ನು ಆಫ್ ಮಾಡೋದು ಕೇಬಲ್ ಎಳೆದೇ. ಕೆಲವು ಸಲ ಬೆಳಗ್ಗೆ ಸೆಲ್ಫ್ ಹೊಡೆದರೆ ಬರೀ ‘ಟಕ್’ ಅನ್ನುತ್ತೆ. ಪಾರ್ಕಿಂಗ್ ಲೈಟಿನ ಫ್ಯೂಸೂ ಆಗಾಗ ಹೋಗುತ್ತೆ. ಬ್ಯಾಟರಿ ಹೊಸದು ಹಾಕಿಸಿದೆ, ಆಲ್ಟರ್ನೇಟರ್ ರಿಪೇರಿ ಮಾಡಿಸಿದೆ. ಗ್ಯಾರೇಜಿಗೆ ಒಯ್ದರೆ ಎಲ್ಲಾ ಸರಿ ಇರುತ್ತೆ. ಈಗ ವೈರಿಂಗ್ ಪೂರ್ತಿ ಬದಲಿಸಿ ಅಂತಾರೆ. ಬದಲಿಸಲೇಬೇಕಾ?

ಉತ್ತರ: ಸದ್ಯಕ್ಕೆ ಬೇಡ. ಆದರೆ ಕಾರಣ ಸಿಗುವವರೆಗೆ ರಾತ್ರಿ ಗಾಡಿ ಓಡಿಸಬೇಡಿ. ಲೋಡ್ ಇರುವ ಗಾಡಿಯಲ್ಲಿ ತಿರುವಿನ ಮಧ್ಯೆ ಲೈಟ್ ಹೋದರೆ ಏನಾಗುತ್ತದೆ ಅಂತ ನಿಮಗೆ ನಾನು ಹೇಳಬೇಕಿಲ್ಲ.

ನೀವು ಬರೆದಿರುವುದರಲ್ಲಿ ಕಡಿಮೆ ಅಂದರೂ ಎರಡು ತೊಂದರೆಗಳಿವೆ. ಎರಡನ್ನೂ ಒಂದೇ ಅಂದುಕೊಂಡು ಹುಡುಕಿದ್ದಕ್ಕೇ ಸಿಕ್ಕಿಲ್ಲ ಅನ್ನಿಸುತ್ತದೆ. ಫ್ಯೂಸ್ ಹೋಗುತ್ತಿದೆ ಅಂದರೆ ಎಲ್ಲೋ ವೈರ್ ಸವೆದು ಚಾಸಿಗೆ, ಅಂದರೆ ಗಾಡಿಯ ಕಬ್ಬಿಣದ ಚೌಕಟ್ಟಿಗೆ, ತಾಗುತ್ತಿದೆ, ಅದು ಶಾರ್ಟ್. ಫ್ಯೂಸ್ ಹೋಗದೆ ಲೈಟ್ ಆರಿ ಮತ್ತೆ ಬಂದರೆ ಕರೆಂಟಿನ ದಾರಿ ಎಲ್ಲೋ ಬಿಟ್ಟು ಕೂಡುತ್ತಿದೆ, ಅದು ಲೂಸ್ ಕಾಂಟ್ಯಾಕ್ಟ್. ಹುಡುಕುವ ಕ್ರಮ ಬೇರೆ ಬೇರೆ.

ಮೊದಲು ಲೂಸ್ ಕಾಂಟ್ಯಾಕ್ಟ್. ಹೆಡ್‌ಲೈಟು, ಮೀಟರ್ ಬೋರ್ಡು ಒಟ್ಟಿಗೇ ಹೋಗುವುದರಿಂದ ಬಲ್ಬು, ಡಿಮ್ ಸ್ವಿಚ್ಚು ಇವೆಲ್ಲ ಬಿಡಿ. ಎಲ್ಲಕ್ಕೂ ಸೇರಿ ಇರುವ ಜಾಗವನ್ನೇ ನೋಡಬೇಕು: ಬ್ಯಾಟರಿ ಟರ್ಮಿನಲ್, ಫ್ಯೂಸ್ ಬಾಕ್ಸಿಗೆ ಬರುವ ಮೇನ್ ವೈರ್, ಕೀ ಸ್ವಿಚ್, ಕ್ಯಾಬಿನ್ ಅರ್ತ್. ಅರ್ತ್ ಅಂದರೆ ಕರೆಂಟು ಗಾಡಿಯ ಲೋಹದ ಮೂಲಕ ಬ್ಯಾಟರಿ ಮೈನಸ್ಸಿಗೆ ವಾಪಸ್ ಹೋಗುವ ದಾರಿ. ನನ್ನ ಅನುಮಾನ ಜಾಸ್ತಿ ಅರ್ತ್ ಮೇಲೆ. ಎಂಜಿನ್ನೂ ಕ್ಯಾಬಿನ್ನೂ ರಬ್ಬರ್ ಬುಷ್ ಮೇಲೆ ಕೂತಿರುತ್ತವೆ. ರಬ್ಬರಿನಲ್ಲಿ ಕರೆಂಟ್ ಹರಿಯುವುದಿಲ್ಲ. ಹಾಗಾಗಿ ಚಾಸಿಯಿಂದ ಅವಕ್ಕೆ ಹೆಣೆದ ತಾಮ್ರದ ಪಟ್ಟಿಯೋ ದಪ್ಪ ವೈರೋ ಕೊಟ್ಟಿರುತ್ತಾರೆ. ಇಷ್ಟು ವರ್ಷದ ಗಾಡಿಯಲ್ಲಿ ಆ ಪಟ್ಟಿಯ ಎಳೆಗಳು ಅರ್ಧಕ್ಕರ್ಧ ತುಂಡಾಗಿರುತ್ತವೆ, ಇಲ್ಲವೇ ಬೋಲ್ಟಿನ ಕೆಳಗೆ ತುಕ್ಕು ಕೂತಿರುತ್ತದೆ. ಮೇಲಿಂದ ನೋಡಿದರೆ ಗೊತ್ತಾಗಲ್ಲ. ತುದಿಯಲ್ಲಿ ಬೋಲ್ಟಿಗೆ ಕೂರುವ ಲಗ್ ಹಿಡಿದು ಬಗ್ಗಿಸಿ. ಸ್ಲೀವ್ ಒಳಗಿಂದ ಹಸಿರು ಪುಡಿ ಉದುರಿದರೆ ಅಲ್ಲಿ ತಾಮ್ರ ತಿಂದುಹೋಗಿದೆ ಅಂತಲೇ ಅರ್ಥ.

ಅರ್ತ್ ಹೌದೋ ಅಲ್ಲವೋ ಅಂತ ಗಾಡಿ ಓಡುವಾಗಲೇ ತಿಳಿಯಲು ಸುಲಭದ ಉಪಾಯ ಇದೆ. ಒಂದು ಇಂಡಿಕೇಟರ್ ಬಲ್ಬ್ ತೆಗೆದುಕೊಳ್ಳಿ. ಅದರ ಒಂದು ವೈರನ್ನು 5 ಆಂಪಿಯರ್ ಫ್ಯೂಸ್ ಹಾಕಿ ನೇರ ಬ್ಯಾಟರಿ ಪ್ಲಸ್ಸಿಗೆ ಕೊಡಿ. ಇನ್ನೊಂದನ್ನು ಕ್ಯಾಬಿನ್ನಿನ ಬಣ್ಣ ಕೆರೆದ ತಗಡಿಗೆ ಕಚ್ಚಿಸಿ. ಹಗಲು ಹೊತ್ತಲ್ಲಿ ಹೆಡ್‌ಲೈಟ್ ಹಾಕಿಕೊಂಡು, ಪಕ್ಕದಲ್ಲಿ ಒಬ್ಬರನ್ನು ಕೂರಿಸಿಕೊಂಡು ಅದೇ ರಸ್ತೆಯಲ್ಲಿ ಹೋಗಿ. ಬಲ್ಬನ್ನು ಅವರು ನೋಡಲಿ, ನೀವು ರಸ್ತೆ ನೋಡಿ. ಲೈಟಿನ ಜೊತೆ ಬಲ್ಬೂ ಆರಿದರೆ ಅರ್ತ್ ಕಡೆ ತೊಂದರೆ. ಬಲ್ಬ್ ಉರಿಯುತ್ತಲೇ ಇದ್ದರೆ ಪ್ಲಸ್ ಕಡೆ, ಅಂದರೆ ಮೇನ್ ವೈರ್, ಫ್ಯೂಸ್ ಬಾಕ್ಸ್ ಅಥವಾ ಕೀ ಸ್ವಿಚ್. ಆಗ ಅಲ್ಲಿ ವೈರ್ ಕೂಡಿಸುವ ಕಪ್ಲರ್‌ಗಳನ್ನು ಬಿಚ್ಚಿ ನೋಡಿ. ಬಿಸಿಯಾಗಿ ಕಂದುಬಣ್ಣಕ್ಕೆ ತಿರುಗಿದ ಪ್ಲಾಸ್ಟಿಕ್ ಕಂಡರೆ ಜಾಗ ಸಿಕ್ಕಿತು. ಗ್ಯಾರೇಜಿನಲ್ಲಿ ನಿಂತ ಗಾಡಿ ಅಲುಗಾಡಲ್ಲ, ಹಾಗಾಗಿ ಅಲ್ಲಿ ಎಲ್ಲಾ ಸರಿ ಕಾಣುತ್ತದೆ. ಅದು ಮೆಕ್ಯಾನಿಕ್ ತಪ್ಪಲ್ಲ. ತೊಂದರೆ ಬಂದ ಹೊತ್ತಲ್ಲೇ ಅದನ್ನು ಹಿಡಿಯಬೇಕು.

ಸೆಲ್ಫಿನ ‘ಟಕ್’ ಕೂಡ ಇದೇ ಅರ್ತಿನ ಕಾಟ ಆಗಿರಬಹುದು. ಇಲ್ಲಿ ವೈರ್ ತುಂಡಾಗಿಲ್ಲ ಅಂತ ಹೇಳುವ ಮಲ್ಟಿಮೀಟರಿನ ಬೀಪ್ ನಂಬಬೇಡಿ. ಕೇಬಲ್ಲಿನಲ್ಲಿ ಒಂದೇ ಎಳೆ ಉಳಿದಿದ್ದರೂ ಬೀಪ್ ಬರುತ್ತದೆ. ಸೆಲ್ಫಿಗೆ ಬೇಕಾದ್ದು ನೂರಾರು ಆಂಪಿಯರ್. 200 ಆಂಪಿಯರ್ ಹರಿಯುವಾಗ 0.01 ಓಮ್ ತಡೆ ಇದ್ದರೂ 2 ವೋಲ್ಟ್ ಅಲ್ಲೇ ಕಳೆದುಹೋಗುತ್ತದೆ. ಆದ್ದರಿಂದ ಕರೆಂಟ್ ಹರಿಯುವಾಗಲೇ ವೋಲ್ಟ್ ಅಳೆಯಬೇಕು. ಗೇರ್ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಹಾಕಿ. ಎಂಜಿನ್ ಸ್ಟಾರ್ಟ್ ಆಗದಂತೆ ಸ್ಟಾಪ್ ಕೇಬಲ್ ಎಳೆದು ಹಿಡಿಯಿರಿ. ಮೀಟರ್ ಡಿಸಿ ವೋಲ್ಟಿನಲ್ಲಿರಲಿ. ಒಂದು ಕಡ್ಡಿ ಬ್ಯಾಟರಿಯ ಮೈನಸ್ ಗೂಟಕ್ಕೇ, ಅದನ್ನು ಹಿಡಿದಿರುವ ವೈರಿನ ಕ್ಲಾಂಪಿಗಲ್ಲ. ಇನ್ನೊಂದು ಎಂಜಿನ್ನಿನ ಬರೀ ಲೋಹಕ್ಕೆ. ಸೆಲ್ಫ್ ಹೊಡೆದಾಗ ಮೀಟರ್ 0.5 ವೋಲ್ಟಿಗಿಂತ ಜಾಸ್ತಿ ತೋರಿಸಿದರೆ ಅರ್ತ್ ದಾರಿ ಕೆಟ್ಟಿದೆ. ಆಗ ಕಡ್ಡಿಯನ್ನು ಗೂಟದಿಂದ ಕ್ಲಾಂಪಿಗೆ, ಅಲ್ಲಿಂದ ಚಾಸಿಗೆ ಸರಿಸುತ್ತಾ ಬನ್ನಿ. ಎಲ್ಲಿ ರೀಡಿಂಗ್ ದಿಢೀರ್ ಇಳಿಯುತ್ತದೋ ಆ ಜಾಯಿಂಟೇ ಕಳ್ಳ. ಬ್ಯಾಟರಿ ಪ್ಲಸ್ಸಿನಿಂದ ಸೆಲ್ಫ್ ಮೋಟರಿನ ದಪ್ಪ ಬೋಲ್ಟಿನವರೆಗೂ ಹೀಗೇ ಅಳೆಯಿರಿ.

ಇನ್ನೊಂದು ಗುರುತು ಹೇಳುತ್ತೇನೆ. ಎಂಜಿನ್ ಅರ್ತ್ ಕೆಟ್ಟಾಗ ಸೆಲ್ಫಿನ ಕರೆಂಟು ಆಕ್ಸಿಲರೇಟರ್ ಕೇಬಲ್, ಸ್ಟಾಪ್ ಕೇಬಲ್ ಮೂಲಕ ವಾಪಸ್ ಹೋಗಲು ನೋಡುತ್ತದೆ. ನಾಲ್ಕೈದು ಸಲ ಸೆಲ್ಫ್ ಹೊಡೆದ ಮೇಲೆ ಆ ಕೇಬಲ್ ಮುಟ್ಟಿ. ಬಿಸಿ ಇದ್ದರೆ ಬೇರೆ ಸಾಕ್ಷಿ ಬೇಡ.

ಈಗ ಫ್ಯೂಸ್. ಹೋದ ಫ್ಯೂಸಿನ ಜಾಗಕ್ಕೆ ತಾಮ್ರದ ಎಳೆ, ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ ಇವನ್ನೆಲ್ಲ ದಯವಿಟ್ಟು ಹಾಕಬೇಡಿ. ಆಮೇಲೆ ಸುಡುವುದು ಫ್ಯೂಸ್ ಅಲ್ಲ, ವೈರಿಂಗು. ಆ ಜಾಗಕ್ಕೆ 21 ವ್ಯಾಟಿನ ಬಲ್ಬ್ ಸಿಕ್ಕಿಸಿ. ಪಾರ್ಕಿಂಗ್ ಸಾಲಿನ ಬಲ್ಬುಗಳನ್ನೆಲ್ಲ ಕಳಚಿ ಸ್ವಿಚ್ ಆನ್ ಮಾಡಿ. ಈಗ ಎಲ್ಲಿ ಶಾರ್ಟ್ ಆದರೂ ಹರಿಯುವುದು 2 ಆಂಪಿಯರಿಗಿಂತ ಕಡಿಮೆ, ಏನೂ ಸುಡಲ್ಲ. ವೈರನ್ನು ಒಂದೊಂದು ಮೊಳದಂತೆ ಹಿಡಿದು ಅಲ್ಲಾಡಿಸುತ್ತಾ ಹಿಂದಕ್ಕೆ ಹೋಗಿ. ಬಲ್ಬ್ ಜೋರಾಗಿ ಉರಿದ ಜಾಗದಲ್ಲೇ ತೊಂದರೆ. ಚಾಸಿಯ ತೂತಿನಲ್ಲಿ ವೈರ್ ಉಜ್ಜದಂತೆ ಕಾಯುವ ರಬ್ಬರ್ ಗ್ರೊಮೆಟ್ ಬಿದ್ದುಹೋದ ಕಡೆ, ಬಾಡಿಯ ಯು-ಕ್ಲಾಂಪ್ ಕೆಳಗೆ, ಟೇಲ್ ಲ್ಯಾಂಪ್ ಹಿಂದೆ ಮೊದಲು ನೋಡಿ. ಗಾಡಿ ಕೊಂಡ ಮೇಲೆ ಸೇರಿಸಿದ ಹಾರ್ನು, ಟೇಪ್ ರೆಕಾರ್ಡರ್, ಬಣ್ಣದ ಲೈಟು ಇದ್ದರೆ ಹುಡುಕುವ ಮೊದಲೇ ಕಳಚಿಡಿ. ಸುಮ್ನೆ ತಿರುಚಿ ಟೇಪ್ ಸುತ್ತಿದ ಜಾಯಿಂಟುಗಳು ಅಲ್ಲೇ ಜಾಸ್ತಿ.

ಎಂಜಿನ್ ಓಡುವಾಗ ಬ್ಯಾಟರಿ ವೈರ್ ಕಿತ್ತು ಚಾರ್ಜಿಂಗ್ ನೋಡಲು ಯಾರಿಗೂ ಬಿಡಬೇಡಿ. ಅದು ಹಳೇ ಡೈನಮೋ ಕಾಲದ ಅಭ್ಯಾಸ. ಆಲ್ಟರ್ನೇಟರಿನಲ್ಲಿ ಹಾಗೆ ಮಾಡಿದರೆ ವೋಲ್ಟ್ ದಿಢೀರ್ ಏರಿ ಡಯೋಡ್ ಹೋಗಬಹುದು. ಎಂಜಿನ್ ಓಡುವಾಗ ಬ್ಯಾಟರಿ ಮೇಲೆ 13.8ರಿಂದ 14.4 ವೋಲ್ಟ್ ಬಂದರೆ ಚಾರ್ಜಿಂಗ್ ಸರಿ ಇದೆ.

ವೈರಿಂಗ್ ಬದಲಿಸುವ ವಿಚಾರಕ್ಕೆ ಬಂದರೆ, ಎಂಜಿನ್ ಹತ್ತಿರದ ವೈರನ್ನು ಬೆರಳಲ್ಲಿ ಬಗ್ಗಿಸಿ ನೋಡಿ. ಮೇಲಿನ ಪ್ಲಾಸ್ಟಿಕ್ ಬಿರಿದು ಉದುರಿದರೆ ಬದಲಿಸುವುದೇ ಸರಿ. ಮೆತ್ತಗಿದ್ದರೆ ದುಡ್ಡು ಉಳಿಸಿ, ಅರ್ತ್ ಪಟ್ಟಿಗಳನ್ನು ಹೊಸದು ಹಾಕಿಸಿ, ಬೋಲ್ಟಿನ ಜಾಗ ಹೊಳೆಯುವವರೆಗೆ ಉಜ್ಜಿಸಿ. ಹೊಸ ವೈರಿಂಗ್ ಹಾಕಿಸಿದರೂ ಈ ಕೆಲಸ ಮಾಡಿಸಲೇಬೇಕು. ಇಲ್ಲದಿದ್ದರೆ ಹೊಸ ವೈರಿಂಗಿನಲ್ಲೂ ಇದೇ ಕಾಟ ಬರುತ್ತದೆ.