ಗುರುಗಳು ಬದಲಾದರು, ಗಂಟೆ ಯಾರ ಕೈಯಲ್ಲಿದೆ?

(ಸಂಪಾದಕರ ಉತ್ತರ)

ಸಿಂಧನೂರು ತಾಲೂಕಿನ ಹಳ್ಳಿಯೊಂದರಿಂದ ಓದುಗರೊಬ್ಬರು ನಾಲ್ಕು ಪುಟಗಳ ಪತ್ರ ಬರೆದಿದ್ದಾರೆ. ತಮ್ಮ ಹೆಸರನ್ನೂ ಊರನ್ನೂ ಪ್ರಕಟಿಸಬಾರದೆಂದು ಕೋರಿದ್ದಾರೆ. ಪತ್ರದ ಸಾರ ಇಷ್ಟು: ಅವರ ಕಥೋಲಿಕ ಧರ್ಮಕೇಂದ್ರದಲ್ಲಿ (ಪ್ಯಾರಿಷಿನಲ್ಲಿ) ಆರು ವರ್ಷ ಸೇವೆ ಸಲ್ಲಿಸಿದ ಗುರುಗಳಿಗೆ ಮೇ ತಿಂಗಳಲ್ಲಿ ವರ್ಗವಾಯಿತು. ಹೊಸ ಗುರುಗಳು ಬಂದ ತಿಂಗಳಲ್ಲೇ ಭಾನುವಾರದ ಬಲಿಪೂಜೆಯನ್ನು (ಮಾಸ್) ಬೆಳಗಿನ ಆರೂವರೆಯಿಂದ ಎಂಟೂವರೆಗೆ ಬದಲಾಯಿಸಿದರು. ಹಾರ್ಮೋನಿಯಂ, ಡೋಲಕ್ಕು, ತಾಳಗಳ ಭಜನಾ ಮೇಳವನ್ನು ಹಿಂದಕ್ಕೆ ಸರಿಸಿ ಕೀಬೋರ್ಡು ನುಡಿಸುವ ಹುಡುಗರನ್ನು ಮುಂದೆ ಕೂರಿಸಿದರು. ಹಿರಿಯರು ಮುನಿಸಿಕೊಂಡಿದ್ದಾರೆ, ಕೂಲಿಗೆ ಹೋಗುವ ಹೆಣ್ಣುಮಕ್ಕಳು ಬರುವುದನ್ನೇ ಬಿಟ್ಟಿದ್ದಾರೆ. ಹಳೆಯ ಗುರುಗಳನ್ನೇ ಮರಳಿ ಕಳಿಸಿಕೊಡಬೇಕೆಂದು ಧರ್ಮಾಧ್ಯಕ್ಷರಿಗೆ (ಬಿಷಪರಿಗೆ) ಮನವಿಯೊಂದು ಸಿದ್ಧವಾಗಿದ್ದು, ಪತ್ರಿಕೆ ಅದನ್ನು ಬೆಂಬಲಿಸಬೇಕಂತೆ. ಪತ್ರದ ಕೊನೆಯ ಸಾಲುಗಳಲ್ಲಿ ಉಪದೇಶಿಯ, ಅಂದರೆ ಊರಿನಲ್ಲಿ ಜಪ ಹೇಳಿಸುವ, ಮಕ್ಕಳಿಗೆ ಧರ್ಮಪಾಠ ಕಲಿಸುವ ಗೃಹಸ್ಥನ, ಮಾತೂ ಬರುತ್ತದೆ. ಆ ಸಾಲುಗಳು ಹೀಗಿವೆ: ‘ಬೇಡಿಕೆ ಈಡೇರುವ ತನಕ ನಾವು ನಲವತ್ತು ಮನೆಯವರು ಚರ್ಚಿನ ಮೆಟ್ಟಿಲು ಹತ್ತುವುದಿಲ್ಲ. ಸದ್ಯಕ್ಕೆ ಉಪದೇಶಿ ನಮ್ಮ ಓಣಿಯಲ್ಲಿ ಜಪಸರ ನಡೆಸುತ್ತಾರೆ, ಅಷ್ಟೆ.’

ಮಾನ್ಯ ಸೋದರರೇ,

ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಮೂರು ಸಲವೂ ನನ್ನ ಕಣ್ಣು ನಿಂತದ್ದು ಕೊನೆಯ ಆ ‘ಅಷ್ಟೆ’ಯ ಮೇಲೆ. ಅಲ್ಲಿಗೆ ಆಮೇಲೆ ಬರುತ್ತೇನೆ.

ಮೊದಲು ನಿಮ್ಮ ದೂರಿನಲ್ಲಿರುವ ನ್ಯಾಯವನ್ನು ಒಪ್ಪಿಕೊಳ್ಳುತ್ತೇನೆ. ನಾಲೆಗೆ ನೀರು ಬಿಟ್ಟು ಭತ್ತದ ನಾಟಿ ನಡೆದಿರುವ ಈ ದಿನಗಳಲ್ಲಿ ಎಂಟೂವರೆಯ ಬಲಿಪೂಜೆಯೆಂದರೆ ಕೂಲಿಯ ಹೆಣ್ಣುಮಕ್ಕಳಿಗೆ ಬಾಗಿಲು ಮುಚ್ಚಿದಂತೆಯೇ ಸರಿ. ಪಾಲನಾ ಸಮಿತಿಯನ್ನು ಒಂದು ಮಾತು ಕೇಳಿದ್ದರೆ ಇದು ಹೊಸ ಗುರುಗಳಿಗೆ ಗೊತ್ತಾಗುತ್ತಿತ್ತು. ಧರ್ಮಸಭೆಯ ಕಾನೂನು ಆ ಸಮಿತಿಗೆ ಸಲಹೆ ಕೊಡುವ ಅಧಿಕಾರವನ್ನಷ್ಟೇ ಕೊಟ್ಟಿದೆ ಎಂಬುದು ನಿಜ, ಆದರೆ ಸಲಹೆ ಕೇಳಬಾರದೆಂದು ಎಲ್ಲಿಯೂ ಹೇಳಿಲ್ಲ. ಧರ್ಮಾಧ್ಯಕ್ಷರ ಪೀಠ ತೆರವಾಗಿರುವಾಗ ಹೊಸದೇನನ್ನೂ ಮಾಡಕೂಡದೆಂದು ಅದೇ ಕಾನೂನಿನ 428ನೆಯ ವಿಧಿ ಹೇಳುತ್ತದೆ. ಹಳ್ಳಿಯ ಧರ್ಮಕೇಂದ್ರಕ್ಕೆ ಅದು ಅನ್ವಯಿಸದಿದ್ದರೂ, ಹೊಸಬರು ಮೊದಲ ಕೆಲವು ತಿಂಗಳು ಆ ಸಂಯಮವನ್ನು ತಾವಾಗಿಯೇ ಪಾಲಿಸಿದರೆ ಒಳ್ಳೆಯದೆಂದು ನಾನೂ ನಂಬಿದ್ದೇನೆ.

ಆದರೆ ಮನವಿಯನ್ನು ನಾನು ಬೆಂಬಲಿಸಲಾರೆ. ಗುರುಗಳ ಮೇಲಿನ ಪ್ರೀತಿ ತಪ್ಪಲ್ಲ. ಎಫೆಸದ ಹಿರಿಯರು ಸಂತ ಪೌಲನನ್ನು ಮಿಲೇತದಲ್ಲಿ ಬೀಳ್ಕೊಡುವಾಗ ಅವನ ಕೊರಳನ್ನು ತಬ್ಬಿಕೊಂಡು ಅತ್ತರೆಂದು ಪ್ರೇಷಿತರ ಕಾರ್ಯಕಲಾಪಗಳ ಇಪ್ಪತ್ತನೆಯ ಅಧ್ಯಾಯದಲ್ಲಿದೆ. ಮೂರು ವರ್ಷ ತಮ್ಮ ನಡುವೆ ಇದ್ದವನು ಹೋಗುತ್ತಿದ್ದಾನೆ, ಅತ್ತರು, ಹಡಗಿನವರೆಗೆ ಹೋಗಿ ಕಳಿಸಿ ಬಂದರು. ಮರಳಿ ಕಳಿಸಿಕೊಡಿ ಎಂದು ಯಾರಿಗೂ ಸಹಿ ಹಾಕಿ ಬರೆಯಲಿಲ್ಲ. ಅದೇ ಪೌಲ ಕೊರಿಂಥದವರಿಗೆ ಬರೆಯುವಾಗ, ನಾನು ಪೌಲನವನು, ನಾನು (ಅಲ್ಲಿನ ಇನ್ನೊಬ್ಬ ಬೋಧಕ) ಅಪೊಲ್ಲೋಸನವನು ಎಂದು ಬಣ ಕಟ್ಟಿಕೊಂಡವರನ್ನು ಎಷ್ಟು ನೊಂದು ಕೇಳುತ್ತಾನೆ! ಸಸಿ ನೆಟ್ಟವನು ನಾನು, ನೀರೆರೆದವನು ಅಪೊಲ್ಲೋಸ, ಬೆಳೆಸಿದವನು ದೇವರು ಎನ್ನುತ್ತಾನೆ. ನಾಟಿ ಮಾಡಿ, ನೀರು ಹಾಯಿಸಿ, ಬೆಳೆಗೆ ಕಾದು ಕುಳಿತುಕೊಳ್ಳುವ ನಮ್ಮ ರಾಯಚೂರು ಸೀಮೆಯವರಿಗೆ ಈ ಮಾತನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಒಬ್ಬರೇ ಗುರುಗಳು ಬಹುಕಾಲ ಒಂದೇ ಕಡೆ ಉಳಿದ ಉದಾಹರಣೆಗಳಿವೆ ಎಂದು ಬರೆದಿದ್ದೀರಿ. ಇವೆ. ಸಂತ ಜಾನ್ ಮರಿಯ ವಿಯಾನ್ನಿ 1818ರಲ್ಲಿ ಫ್ರಾನ್ಸಿನ ಆರ್ಸ್ ಎಂಬ ಸಣ್ಣ ಹಳ್ಳಿಗೆ ಬಂದವರು 1859ರಲ್ಲಿ ಸಾಯುವವರೆಗೆ ಅಲ್ಲಿಯೇ ಇದ್ದರು. ಆದರೆ ಅವರೇ ಒಂದಕ್ಕಿಂತ ಹೆಚ್ಚು ಸಲ ಊರು ಬಿಟ್ಟು ಹೊರಟಿದ್ದರು, ಏಕಾಂತದಲ್ಲಿ ಪ್ರಾರ್ಥಿಸುತ್ತ ಕಾಲ ಕಳೆಯುವ ಆಸೆ ಅವರಿಗಿತ್ತು ಎಂಬುದನ್ನು ನಾವು ಮರೆಯುತ್ತೇವೆ. ಇನ್ನು ಮೆಥೋಡಿಸ್ಟ್ ಸಭೆಯವರನ್ನು ಕೇಳಿ ನೋಡಿ. ವಾರ್ಷಿಕ ಸಮ್ಮೇಳನದಲ್ಲಿ ಬಿಷಪರು ನೇಮಕಾತಿಗಳ ಪಟ್ಟಿಯನ್ನು ಓದುತ್ತಾರೆ, ಪಾಸ್ಟರರ ಮನೆಯವರು ಸಾಮಾನು ಕಟ್ಟುತ್ತಾರೆ. ಸಂಚಾರವೇ ಅವರ ಪದ್ಧತಿಯ ಮೂಲ. ವರ್ಗಾವಣೆ ಕೆಲವೊಮ್ಮೆ ಅನ್ಯಾಯವೂ ಆಗಿರಬಹುದು. ಇದರ ಬಗ್ಗೆ ಇಷ್ಟು ಸಾಕು.

ಈಗ ಆ ‘ಅಷ್ಟೆ’ಗೆ ಬರುತ್ತೇನೆ.

ನಾನು ಹುಟ್ಟಿದ್ದು ಮಸ್ಕಿಯ ಕಡೆಯ ಒಂದು ಹಳ್ಳಿಯಲ್ಲಿ. ಗುರುಗಳು ತಿಂಗಳಿಗೊಮ್ಮೆ ಬರುತ್ತಿದ್ದರು, ಮಳೆಗಾಲದಲ್ಲಿ ಹಳ್ಳ ಬಂದರೆ ಅದೂ ಇಲ್ಲ. ನನಗೆ ಹತ್ತು ವರ್ಷವಿದ್ದಾಗ ಧರ್ಮಕೇಂದ್ರದ ಗುರುಗಳಿಗೆ ವರ್ಗವಾಗಿ ಹೊಸಬರು ಬರುವುದು ತಡವಾಯಿತು, ಅಷ್ಟರಲ್ಲಿ ಪಾಸ್ಕ (ಈಸ್ಟರ್) ಹಬ್ಬಕ್ಕೆ ಮುಂಚಿನ ನಲವತ್ತು ದಿನಗಳ ತಪಸ್ಸುಕಾಲ ಶುರುವಾಯಿತು. ನಮ್ಮ ಗುಡಿಗೆ ಗಂಟೆಯಿರಲಿಲ್ಲ. ಬೇವಿನ ಮರಕ್ಕೆ ರೈಲು ಹಳಿಯ ಒಂದು ತುಂಡನ್ನು ತಂತಿಯಿಂದ ತೂಗುಹಾಕಿದ್ದರು, ಕಬ್ಬಿಣದ ಸಲಾಕೆಯಿಂದ ಅದನ್ನು ಬಾರಿಸಿದರೆ ಹೊಲದವರೆಗೂ ಕೇಳುತ್ತಿತ್ತು. ಮೊದಲ ಶುಕ್ರವಾರ ಸಂಜೆ ನಾವು ಹುಡುಗರು ಮರದ ಕೆಳಗೆ ಸುಮ್ಮನೆ ನಿಂತಿದ್ದೆವು. ಗುರುಗಳೇ ಇಲ್ಲವೆಂದ ಮೇಲೆ ಶಿಲುಬೆಹಾದಿಯ ಪ್ರಾರ್ಥನೆ ಎಲ್ಲಿಯದೆಂದು ನಮ್ಮ ಲೆಕ್ಕ. ಉಪದೇಶಿ ಕಂದೀಲು ಹಿಡಿದು ಬಂದವರು ನಮ್ಮನ್ನು ನೋಡಿ ಗದರಿದರು: ‘ಸ್ವಾಮ್ಯಾರು ಬರೋತನಕ ದೇವ್ರೇನು ಹೊರಗ ನಿಂತಾನೇನು? ಗಂಟಿ ಹೊಡೀರಿ.’

ಆ ವರ್ಷ ನಲವತ್ತು ದಿನಗಳ ಜಪತಪಗಳೆಲ್ಲ ಅವರ ಕೈಯಲ್ಲೇ ನಡೆದವು. ಬಲಿಪೂಜೆಯಿಲ್ಲ, ಪರಮಪ್ರಸಾದವಿಲ್ಲ. ಆ ಕೊರತೆಯನ್ನು ಅವರು ಮುಚ್ಚಿಡಲಿಲ್ಲ, ಪ್ರತಿದಿನ ಗುರುಗಳಿಗಾಗಿ ಪ್ರಾರ್ಥಿಸಲು ಹೇಳುತ್ತಿದ್ದರು. ಒಂದು ರಾತ್ರಿ ಹುಟ್ಟಿದ ಕೂಸು ಉಸಿರಿಗೆ ಒದ್ದಾಡುತ್ತಿದ್ದಾಗ ತಾಮ್ರದ ಚೊಂಬಿನ ನೀರಿನಿಂದ ಅವರೇ ಸ್ನಾನದೀಕ್ಷೆ (ಬ್ಯಾಪ್ಟಿಸಮ್) ಕೊಟ್ಟರು. ಇಂಥ ಜೀವಾಪಾಯದ ಹೊತ್ತಿನಲ್ಲಿ ಯಾರು ಬೇಕಾದರೂ ಸ್ನಾನದೀಕ್ಷೆ ಕೊಡಬಹುದೆಂಬ ಧರ್ಮಸಭೆಯ ವಿಧಿ ಅವರಿಗೆ ಬಾಯಿಪಾಠವಾಗಿತ್ತು. ಬೆಳಗಾದ ಮೇಲೆ ತಮ್ಮ ಪುಸ್ತಕದಲ್ಲಿ ಬರೆದುಕೊಂಡರು. ಆ ಪುಸ್ತಕ ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಕಿರಾಣಿ ಅಂಗಡಿಯವರು ಉದ್ರಿ ಬರೆಯುವ ಉದ್ದನೆಯ ಪುಸ್ತಕ, ಹರಿದ ರಟ್ಟಿಗೆ ಚೀಲದ ಬಟ್ಟೆ ಹೊಲಿದಿದ್ದರು. ಹುಟ್ಟು, ಸಾವು, ಮದುವೆ ಮಾತ್ರವಲ್ಲ, ಯಾವ ಮನೆಯವರು ಯಾವ ತಿಂಗಳು ಗುಳೆ ಹೋದರು, ಯಾರು ಬೆಂಗಳೂರಿನಲ್ಲಿದ್ದಾರೆ, ಯಾರು ಗೋವೆಯಲ್ಲಿದ್ದಾರೆ, ಯಾರಿಗೆ ಅಲ್ಲಿ ಹೆರಿಗೆಯಾಗಿ ಮಗುವಿನ ಸ್ನಾನದೀಕ್ಷೆ ಬಾಕಿಯಿದೆ ಎಂಬುದೆಲ್ಲ ಅದರಲ್ಲಿತ್ತು.

ಪಾಸ್ಕ ಹಬ್ಬಕ್ಕೆ ಎರಡು ದಿನ ಮುಂಚೆ ಹೊಸ ಗುರುಗಳು ಬಂದರು. ಹಾರ ಹಾಕಿಸಿಕೊಂಡು ಅವರು ಮಾಡಿದ ಮೊದಲ ಕೆಲಸವೆಂದರೆ ಉಪದೇಶಿಯ ಮನೆಯಂಗಳದಲ್ಲಿ ಹೊರಸಿನ ಮೇಲೆ ಕುಳಿತು ಆ ಪುಸ್ತಕದ ಹಾಳೆಗಳನ್ನು ಒಂದೊಂದಾಗಿ ತಿರುವಿದ್ದು. ಉಪದೇಶಿ ಪಕ್ಕದಲ್ಲಿ ನಿಂತು ಪ್ರತಿ ಹೆಸರಿಗೂ ಮನೆಯ ಕಥೆ ಹೇಳಿದರು. ಕತ್ತಲಾಯಿತು, ಕಂದೀಲು ತರಿಸಿದರು, ಓದು ನಿಲ್ಲಲಿಲ್ಲ. ಅಧಿಕಾರ ಒಬ್ಬರಿಂದ ಇನ್ನೊಬ್ಬರಿಗೆ ಕೈ ಬದಲಾಗುವ ರೀತಿ ಇದು ಎಂದು ನನಗೆ ಅರ್ಥವಾಗಲು ಬಹಳ ವರ್ಷ ಬೇಕಾಯಿತು. ಹಿಂದಿನ ಗುರುಗಳು ಮುಂದಿನ ಗುರುಗಳ ಮುಖವನ್ನೇ ನೋಡಿರಲಿಲ್ಲ. ನಡುವೆ ನಿಂತು ಒಪ್ಪಿಸಿದವರು ಉಪದೇಶಿ.

ಇದು ನಮ್ಮೂರಿನ ವಿಶೇಷವೇನಲ್ಲ. ಗೋವೆಯ ಸಂತ ಜೋಸೆಫ್ ವಾಜರು 1681ರಲ್ಲಿ ನಮ್ಮ ಕರಾವಳಿಯ ಕೆನರಾಕ್ಕೆ ಬಂದಾಗ ಅಲ್ಲಿನ ಕ್ರೈಸ್ತರು ಪೋರ್ಚುಗೀಸರ ಪಕ್ಷ, ರೋಮಿನ ಪಕ್ಷ ಎಂದು ಒಡೆದುಹೋಗಿದ್ದರು. ಯಾರು ನಮ್ಮ ಅಧ್ಯಕ್ಷರು ಎಂಬುದೇ ಜಗಳ. ಅಲ್ಲಿಂದ ಮುಂದೆ 1687ರಲ್ಲಿ ಅವರು ಸಿಂಹಳಕ್ಕೆ (ಇಂದಿನ ಶ್ರೀಲಂಕಾಕ್ಕೆ) ಹೋದರು. ಡಚ್ಚರ ನಿಷೇಧದಿಂದಾಗಿ ಯಾಫ್ನಾದ ಕಥೋಲಿಕರು ಸುಮಾರು ಮೂವತ್ತು ವರ್ಷ ಗುರುಗಳ ಮುಖ ಕಂಡಿರಲಿಲ್ಲ. ವಾಜರು ಭಿಕ್ಷುಕನ ವೇಷದಲ್ಲಿ, ಕೊರಳಲ್ಲಿ ಜಪಸರ ಧರಿಸಿ ಮನೆಮನೆಯ ಮುಂದೆ ನಿಂತರಂತೆ. ಜಪಸರವನ್ನು ಕಂಡು ಯಾರ ಕಣ್ಣು ಹೊಳೆಯಿತೋ ಅದು ತಮ್ಮವರ ಮನೆ ಎಂದು ತಿಳಿದರಂತೆ. ಕಾಡುಮೇಡು ಅಲೆಯುತ್ತ ಅವರು ಕಟ್ಟಿದ್ದು ಜಪ ಹೇಳಿಸುವ, ಮಕ್ಕಳಿಗೆ ಕಲಿಸುವ ಗೃಹಸ್ಥರ ಪಡೆಯನ್ನು. ಅಂಥವರನ್ನು ಅಲ್ಲಿ ಅಣ್ಣಾವಿ ಎನ್ನುತ್ತಾರೆ. ನಮ್ಮ ಉಪದೇಶಿಯೇ ಅವರ ಅಣ್ಣಾವಿ.

ಜಪಾನಿನದು ಇನ್ನೂ ದೊಡ್ಡ ಕಥೆ. 1614ರ ನಿಷೇಧದ ನಂತರ ಕ್ರೈಸ್ತರು ಅಲ್ಲಿ ಅಡಗಿಕೊಂಡೇ ಬದುಕಿದರು. 1865ರ ಮಾರ್ಚಿನಲ್ಲಿ ನಾಗಸಾಕಿಯ ಹೊಸ ಚರ್ಚಿಗೆ ಉರಕಾಮಿ ಹಳ್ಳಿಯ ಜನ ಬಂದು, ನಮ್ಮ ಹೃದಯವೂ ನಿಮ್ಮ ಹೃದಯವೂ ಒಂದೇ ಎಂದು ಫ್ರೆಂಚ್ ಗುರುಗಳ ಕಿವಿಯಲ್ಲಿ ಪಿಸುಗುಟ್ಟಿದರು. ಅಷ್ಟು ತಲೆಮಾರು ಅವರನ್ನು ಕಾಪಾಡಿದವರು ಯಾರು? ಪ್ರತಿ ಹಳ್ಳಿಯಲ್ಲೂ ಹಬ್ಬದ ದಿನಗಳ ಲೆಕ್ಕವಿಡುವ ಒಬ್ಬ, ಸ್ನಾನದೀಕ್ಷೆಯ ನೀರು ಎರೆಯುವ ಒಬ್ಬ. ಇದನ್ನು ಮೊದಲ ಸಲ ಓದಿದಾಗ ನನಗೆ ಚೀಲದ ಬಟ್ಟೆಯ ಆ ಪುಸ್ತಕವೂ ತಾಮ್ರದ ಚೊಂಬೂ ನೆನಪಾಗಿ ಓದು ಮುಂದಕ್ಕೆ ಸಾಗಲಿಲ್ಲ.

ದೂರದ ಮಾತೇಕೆ, ನಿಮ್ಮ ಜಿಲ್ಲೆಯದೇ ಮುದಗಲ್ಲನ್ನು ನೋಡಿ. ಬಿಜಾಪುರದ ಆದಿಲಶಾಹಿಗಳ ಕಾಲದಲ್ಲಿ ಬೇರುಬಿಟ್ಟ ಕ್ರೈಸ್ತ ಸಮುದಾಯ ಅಲ್ಲಿನದು. 1686ರಲ್ಲಿ ಆ ರಾಜ್ಯವೇ ಮೊಘಲರ ಪಾಲಾಯಿತು. 1773ರಲ್ಲಿ ಜೆಸ್ವಿಟ್ ಗುರುಗಳ ಸಂಘವನ್ನೇ ಪೋಪರು ವಿಸರ್ಜಿಸಿದರು. ನಿಜಾಮರ ಆಳ್ವಿಕೆ ಬಂತು, 1948ರಲ್ಲಿ ಅದೂ ಮುಗಿಯಿತು. ಮರುವರ್ಷ ಬಳ್ಳಾರಿ ಧರ್ಮಕ್ಷೇತ್ರ ಸ್ಥಾಪನೆಯಾಯಿತು. ಇಷ್ಟು ಸಲ ಮೇಲಿನವರು ಬದಲಾದರೂ ಮುದಗಲ್ಲಿನ ತಾಯಂದಿರು ಮಕ್ಕಳ ಹಣೆಯ ಮೇಲೆ ಶಿಲುಬೆಯ ಗುರುತು ಹಾಕುವುದನ್ನು ನಿಲ್ಲಿಸಲಿಲ್ಲ. 2025ರ ಏಪ್ರಿಲ್ 21ರಂದು ಪೋಪ್ ಫ್ರಾನ್ಸಿಸ್ ತೀರಿಕೊಂಡ ದಿನದಿಂದ ಮೇ 8ರಂದು ಪೋಪ್ ಹದಿನಾಲ್ಕನೆಯ ಲಿಯೋ ಆಯ್ಕೆಯಾಗುವವರೆಗೆ ಬಲಿಪೂಜೆಯಲ್ಲಿ ಪೋಪರ ಹೆಸರು ಹೇಳುವ ಜಾಗ ಖಾಲಿಯಾಗಿತ್ತು. ಹೆಸರು ಬಿಟ್ಟು ಪ್ರಾರ್ಥನೆ ಮುಂದುವರಿಯಿತು. ಆ ಹದಿನೇಳು ದಿನ ನೀವೂ ಮೊಣಕಾಲೂರಿದ್ದೀರಿ, ಮೆಟ್ಟಿಲು ಹತ್ತುವುದಿಲ್ಲ ಎನ್ನಲಿಲ್ಲ.

ಈಗ ನನ್ನ ನೋವನ್ನು ಹೇಳಿಬಿಡುತ್ತೇನೆ. ಬೀಳ್ಕೊಡುಗೆಗೆ ಫ್ಲೆಕ್ಸು, ಸ್ವಾಗತಕ್ಕೆ ಫ್ಲೆಕ್ಸು, ಶಾಲು, ಹಣ್ಣಿನ ಬುಟ್ಟಿ, ಬ್ಯಾಂಡು ಎಂದು ನಮ್ಮ ಧರ್ಮಕೇಂದ್ರಗಳು ಒಂದು ದಿನದಲ್ಲಿ ಖರ್ಚು ಮಾಡುವ ಹಣದಲ್ಲಿ ಉಪದೇಶಿಯ ಎಷ್ಟು ತಿಂಗಳ ಗೌರವಧನ ಸಂದೀತು ಎಂದು ಯಾವ ಲೆಕ್ಕ ಸಮಿತಿಯಾದರೂ ಕೂಡಿ ನೋಡಿದೆಯೇ? ಉಪದೇಶಿಯ ಮಗ ಉಪದೇಶಿಯಾಗಲು ಒಪ್ಪುವುದಿಲ್ಲ, ಏಕೆಂದರೆ ಅಪ್ಪನ ಕೈಗೆ ಏನು ಬಂತೆಂದು ಅವನು ನೋಡಿದ್ದಾನೆ. 2021ರ ಮೇ 10ರಂದು ಪೋಪ್ ಫ್ರಾನ್ಸಿಸ್ ಉಪದೇಶಿಯ ಸೇವೆಯನ್ನು ಧರ್ಮಸಭೆಯ ವಿಧಿವತ್ತಾದ ಸೇವೆಯಾಗಿ ಸ್ಥಾಪಿಸಿದರು. ಅಷ್ಟು ಎತ್ತರದಲ್ಲಿ ಸಿಕ್ಕ ಮನ್ನಣೆ ನಮ್ಮ ಓಣಿಗೆ ಇಳಿದು ಬರಲಿಲ್ಲ. ಮೊಬೈಲಿನಲ್ಲಿ ದೂರದೂರಿನ ಬೋಧಕರ ಮಾತು ಕೇಳಿ ಕಣ್ಣೀರು ಹಾಕುವ ನಾವು, ಪಕ್ಕದ ಮನೆಯಲ್ಲಿ ಜಪ ಹೇಳಿಸುವವನನ್ನು ‘ಅಷ್ಟೆ’ ಎಂದು ಬರೆಯುತ್ತೇವೆ. ಬಳ್ಳಾರಿ ನಗರದಲ್ಲಿ ಕನ್ನಡದ ಪೂಜೆ ಎಷ್ಟು ಹೊತ್ತಿಗೆ, ತೆಲುಗಿನದು ಎಷ್ಟು ಹೊತ್ತಿಗೆ, ತಮಿಳಿನದು ಎಷ್ಟು ಹೊತ್ತಿಗೆ ಎಂದು ಮುನಿಸಿಕೊಂಡು ಬರೆದ ಪತ್ರಗಳು ನನ್ನ ಮೇಜಿನ ಮೇಲೆ ರಾಶಿಯಾಗಿವೆ. ಮನೆಯಲ್ಲಿ ಯಾವ ಭಾಷೆಯಲ್ಲಾದರೂ ಕೂಡಿ ಪ್ರಾರ್ಥಿಸುವುದು ನಿಂತುಹೋಗಿದೆ ಎಂದು ಕೊರಗಿ ಬರೆದವರು ತೀರ ಕಡಿಮೆ.

ಸೋದರರೇ, ನೀವು ಕೆಟ್ಟವರೆಂದು ನಾನು ಹೇಳುತ್ತಿಲ್ಲ. ಆರು ವರ್ಷ ಒಬ್ಬರನ್ನು ಇಷ್ಟು ಪ್ರೀತಿಸಬಲ್ಲ ಊರು ಒಳ್ಳೆಯ ಊರೇ. ಆದರೆ ನಿಮ್ಮ ಪತ್ರದಲ್ಲಿ ಹಳೆಯ ಗುರುಗಳ ಹೆಸರು ಹನ್ನೊಂದು ಸಲ, ಹೊಸ ಗುರುಗಳ ಹೆಸರು ಏಳು ಸಲ ಬಂದಿದೆ. ಉಪದೇಶಿಯ ಹೆಸರು ಒಮ್ಮೆಯೂ ಇಲ್ಲ. ಇಡೀ ಧರ್ಮಕೇಂದ್ರದ ಭಾರವನ್ನು ಒಂದೇ ಕಂಬದ ಮೇಲೆ ಹೊರಿಸಿದ್ದಿರಿ. ಕಂಬವನ್ನು ಎತ್ತಿ ಬೇರೆ ಕಡೆ ನೆಟ್ಟಾಗ ಮಾಳಿಗೆ ಅಲುಗಿತು. ನಿಮ್ಮ ಓಣಿಯ ಜಪಸರವೊಂದೇ ಈಗ ಅಲುಗದೆ ನಿಂತಿದೆ.

ಮನವಿಯ ಪ್ರತಿಯನ್ನು ಇದರೊಂದಿಗೆ ಹಿಂದಿರುಗಿಸುತ್ತಿದ್ದೇನೆ. ಬರುವ ಭಾನುವಾರ ನಲವತ್ತು ಮನೆಯವರೂ ಬಲಿಪೂಜೆಗೆ ಹೋಗಿ. ಪೂಜೆ ಮುಗಿದ ಮೇಲೆ ಉಪದೇಶಿಯವರನ್ನು ಮುಂದಿಟ್ಟುಕೊಂಡು ಗುರುಗಳ ಬಳಿ ಕುಳಿತು ಮಾತನಾಡಿ. ನಾಟಿ ಮುಗಿಯುವ ತನಕ ಆರೂವರೆಯ ಪೂಜೆ ಬೇಕೆಂದು ಕೇಳಿ, ಯಾವ ಮನೆಯ ಎಷ್ಟು ಹೆಣ್ಣುಮಕ್ಕಳು ಎಷ್ಟು ಹೊತ್ತಿಗೆ ಗದ್ದೆಗೆ ಹೋಗುತ್ತಾರೆಂದು ಉಪದೇಶಿಯೇ ವಿವರಿಸಲಿ. ಭಜನಾ ಮೇಳಕ್ಕೆ ಆಗಸ್ಟ್ 15ರ ಮಾತೆಯ ಸ್ವರ್ಗಾರೋಹಣದ ಹಬ್ಬವನ್ನು ಬಿಟ್ಟುಕೊಡಿ ಎಂದು ಕೇಳಿ, ಆ ಕೀಬೋರ್ಡಿನ ಹುಡುಗರೂ ಜೊತೆಗಿರಲಿ. ಅವರೂ ನಿಮ್ಮ ಮಕ್ಕಳೇ, ಡೋಲಕ್ಕಿನ ನಡೆ ಕಲಿಯುವ ವಯಸ್ಸು ಅವರದು. ಗುರುಗಳು ಒಪ್ಪದಿದ್ದರೆ ನನಗೆ ಬರೆಯಿರಿ, ಆಗ ನಾನೇ ಅವರಿಗೆ ಬರೆಯುತ್ತೇನೆ. ನಿಮ್ಮ ಉಪದೇಶಿಯವರ ಬಳಿ ಪುಸ್ತಕವೇನಾದರೂ ಉಂಟೇ ಎಂಬುದನ್ನೂ ವಿಚಾರಿಸಿ. ಇದ್ದರೆ ಗುರುಗಳ ಭೇಟಿಗೆ ಹೋಗುವಾಗ ಅದನ್ನು ತೆಗೆದುಕೊಂಡು ಹೋಗಿ.